ಅಪ್ಪನ ಕೈ ಮತ್ತು ಆಸ್ಪತ್ರೆಗಳ ಪಟ್ಟಿ

ನಾನು ದ್ವಿತೀಯ ಪಿಯುಸಿಯಲ್ಲಿದ್ದಾಗ ಅಪ್ಪನ ಬಲಗೈ ಮುರಿಯಿತು. ಅವರು ಮಲೆನಾಡಿನಲ್ಲಿ ಗಸ್ತು ಅರಣ್ಯ ಪಾಲಕ. ಕಾಫಿ ತೋಟಕ್ಕೆ ನುಗ್ಗಿದ್ದ ಆನೆಯನ್ನು ಓಡಿಸಲು ಹೋದಾಗ ಅದು ತಿರುಗಿ ಬಂತು. ಓಡುವ ಭರದಲ್ಲಿ ಧರೆಯಿಂದ ಬಿದ್ದರು. ಜೊತೆಗಿದ್ದ ವಾಚರ್ ಅಣ್ಣ ಬೈಕಿನಲ್ಲಿ ಕೂರಿಸಿಕೊಂಡು ತಾಲ್ಲೂಕು ಕೇಂದ್ರಕ್ಕೆ ತಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಅಂದು ಮೂಳೆ ವೈದ್ಯರಿರಲಿಲ್ಲ. ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಪ್ಲೇಟ್ ಹಾಕಿದರು.

ಕೈ ಉಳಿಯಿತು. ಬಿಲ್ ಮಾತ್ರ ಎರಡು ಸಲ ವಾಪಸ್ ಬಂತು. ಆ ನರ್ಸಿಂಗ್ ಹೋಮ್ ಮಾನ್ಯತೆ ಪಡೆದ ಆಸ್ಪತ್ರೆಗಳ ಪಟ್ಟಿಯಲ್ಲಿಲ್ಲ, ತುರ್ತು ಚಿಕಿತ್ಸೆ ಎನ್ನಲು ದಾಖಲೆ ಸಾಲದು ಎಂದರಂತೆ. ಪಟ್ಟಿಯಲ್ಲಿದ್ದ ಆಸ್ಪತ್ರೆ 70 ಕಿ.ಮೀ. ದೂರ, ಅದೂ ಘಾಟಿ ದಾರಿ. ನನ್ನ ಬಿ.ಇ. ಶುಲ್ಕಕ್ಕೆಂದು ಅಮ್ಮ ಕಟ್ಟುತ್ತಿದ್ದ ಚೀಟಿ ದುಡ್ಡು ಅಲ್ಲಿಗೆ ಹೋಯಿತು.

ನೌಕರರ ಚಿಕಿತ್ಸಾ ವೆಚ್ಚ ಮರುಪಾವತಿಗೆ ಆಧಾರ 1963ರ ವೈದ್ಯಕೀಯ ಹಾಜರಾತಿ ನಿಯಮಗಳು. ಮೊದಲು ಕೈಯಿಂದ ಕಟ್ಟಿ, ಆಮೇಲೆ ಕೇಳಬೇಕು. ಜ್ಯೋತಿ ಸಂಜೀವಿನಿ ನಗದುರಹಿತ ನಿಜ, ಆದರೆ ಅದು ಹೃದಯ, ಕ್ಯಾನ್ಸರ್, ಸುಟ್ಟಗಾಯದಂಥ ಏಳು ವಿಭಾಗಗಳಿಗೆ. ಒಂದೇ ಮೂಳೆ ಮುರಿದವರು ಯಾವ ಸಾಲಿನಲ್ಲಿ ನಿಲ್ಲಬೇಕು? ಈಗ ಆರೋಗ್ಯ ಸಂಜೀವಿನಿ ಬಂದಿದೆ. ಸಂಬಳದಿಂದ ವಂತಿಗೆ ಹಿಡಿದು ಹೆಚ್ಚು ಚಿಕಿತ್ಸೆಗಳನ್ನು ಸೇರಿಸಿದ್ದಾರೆ. ಒಳ್ಳೆಯದೇ. ಅಲ್ಲೂ ಆಸ್ಪತ್ರೆ ಪಟ್ಟಿಯಲ್ಲಿರಬೇಕು.

ಹೊಸ ಪಟ್ಟಿಯೇಕೆ ಬೇಕು? ರಾಜ್ಯದ ಖಾಸಗಿ ಕ್ಲಿನಿಕ್, ನರ್ಸಿಂಗ್ ಹೋಮ್‌ಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಲೇಬೇಕು. ಕರ್ತವ್ಯದಲ್ಲಿ ಗಾಯಗೊಂಡವರ ಮಟ್ಟಿಗಾದರೂ ಆ ನೋಂದಣಿಯೇ ಸಾಕು ಎನ್ನಲಿ. ದರವನ್ನು ಸರ್ಕಾರವೇ ನಿಗದಿಪಡಿಸಲಿ. ಸುಳ್ಳು ಬಿಲ್‌ನ ಭಯ ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಎಕ್ಸ್‌ರೇ ಇದೆ, ಮೇಲಧಿಕಾರಿಯ ವರದಿ ಇದೆ. ಮುರಿದ ಮೂಳೆಯನ್ನು ನಟಿಸಲಾಗದು.

ಫಿಸಿಯೋಥೆರಪಿಯನ್ನೂ ಇದರಲ್ಲಿ ಸೇರಿಸಬೇಕು. ಕೈಯಿಂದ ಮತ್ತೆ ಖರ್ಚು ಮಾಡಲು ದುಡ್ಡಿಲ್ಲದೆ ಅಪ್ಪ ಪಟ್ಟಿಯ ಆಸ್ಪತ್ರೆಗೇ ಹೊರಟರು. ವಾರಕ್ಕೆ ಮೂರು ದಿನ, ಎರಡು ಬಸ್ ಬದಲಿಸಿ. ನಾಲ್ಕು ಸಲ ಹೋಗಿ ಬಿಟ್ಟುಬಿಟ್ಟರು. ಬೆರಳುಗಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಗಸ್ತಿಗೆ ಹೋಗುವಾಗ ಲಾಠಿ ಎಡಗೈಯಲ್ಲಿರುತ್ತದೆ.

ಅಪ್ಪನಾದರೂ ಕಾಯಂ ನೌಕರ. ಅವರನ್ನು ಕರೆತಂದ ವಾಚರ್ ಅಣ್ಣ ಹೊರಗುತ್ತಿಗೆಯವರು, ಈ ಯಾವ ಯೋಜನೆಯೂ ಅವರಿಗಿಲ್ಲ. ಆ ರಾತ್ರಿ ಅವರೂ ಅದೇ ಧರೆಯಿಂದ ಹಾರಿದ್ದರು.