ಮುದ್ದೆಯೊಳಗಿನ ಗಂಧಕ

ಗಂಧಕವೆಂದೊಡನೆ ನಮಗೆ ನೆನಪಾಗುವುದು ಬೆಂಕಿಕಡ್ಡಿ, ಪಟಾಕಿಗಳು. ಆದರೆ ಮಿಥಿಯೊನೀನ್ ಎಂಬ ಅಮೈನೋ ಆಮ್ಲದ ಪ್ರತಿಯೊಂದು ಅಣುವಿನಲ್ಲಿಯೂ ಗಂಧಕದ ಪರಮಾಣುವೊಂದುಂಟು. 1920ರ ದಶಕದ ಆದಿಯಲ್ಲಿ ಅಮೆರಿಕದ ಜೆ. ಹೆಚ್. ಮುಲ್ಲರ್ ಅವರು ಇದನ್ನು ಹಾಲಿನ ಕೇಸೀನಿನಿಂದ ಬೇರ್ಪಡಿಸಿದರು. ನಮ್ಮ ಜೀವಕೋಶಗಳು ಹೊಸ ಸಸಾರಜನಕವನ್ನು ಹೆಣೆಯತೊಡಗುವುದು ಮಿಥಿಯೊನೀನಿನಿಂದಲೇ. ಕೂದಲಿಗೆ ಬಿಗಿಯನ್ನೀಯುವ ಸಿಸ್ಟೀನನ್ನು ದೇಹವು ತಯಾರಿಸಿಕೊಳ್ಳುವುದೂ ಇದರ ಗಂಧಕದಿಂದ. ಮಿಥಿಯೊನೀನನ್ನು ಮಾತ್ರ ದೇಹವು ತಾನೇ ತಯಾರಿಸಲಾರದು. ಅದು ಆಹಾರದಿಂದಲೇ ಒದಗಬೇಕು.

ಬೇಳೆಕಾಳುಗಳಲ್ಲಿ ಸಸಾರಜನಕ ಹೇರಳ, ಮಿಥಿಯೊನೀನ್ ವಿರಳ. ರಾಗಿಯಲ್ಲಿ ಸಸಾರಜನಕವು ನೂರಕ್ಕೆ ಸುಮಾರು 7 ಪಾಲು ಮಾತ್ರ. ಆದರೂ ಅದರಲ್ಲಿ ಮಿಥಿಯೊನೀನಿನ ಅಂಶ ಧಾರಾಳ. ರಾಗಿಯಲ್ಲಿ ಸಾಲದೆಹೋಗುವ ಲೈಸೀನನ್ನು ಹುರುಳಿ, ಅವರೆಗಳು ತುಂಬಿಕೊಡುತ್ತವೆ. ನಮ್ಮ ಹಿರಿಯರು ಇದನ್ನೆಲ್ಲ ಅರಿತೇ ಮುದ್ದೆಗೆ ಹುರುಳಿಸಾರನ್ನು ಜೋಡಿಸಿದರೆಂದು ನಾವು ಹೊಗಳಹೊರಟಿಲ್ಲ. ಹೊಲದಲ್ಲಿ ಬೆಳೆದುದು ತಟ್ಟೆಯಲ್ಲಿ ಕೂಡಿತು, ಅಷ್ಟೆ.

ಆದುದರಿಂದ ವಿದ್ಯಾರ್ಥಿಗಳು ಮುದ್ದೆಯನ್ನು ಹಳ್ಳಿಯ ಊಟವೆಂದು ಹಳಿದು, ಸಸಾರಜನಕದ ಹೆಸರಿನಲ್ಲಿ ಡಬ್ಬಿಯ ಪುಡಿಗೆ ಹಣ ಸುರಿಯುವುದು ಅನುಚಿತವೆಂದೇ ನಮ್ಮ ಅಭಿಪ್ರಾಯ. ವೈದ್ಯರು ವಿಧಿಸಿದ್ದರೆ ಮಾತು ಬೇರೆ. ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕರಲ್ಲಿಯೂ ಒಂದು ಬಿನ್ನಹ: ಮುದ್ದೆಯೊಡನೆ ಬರಿಯ ತಿಳಿಸಾರನ್ನು ಬಡಿಸಿದರೆ ಸಾಲದು; ಬೆಂದ ಕಾಳೂ ತಟ್ಟೆಗೆ ಬೀಳಬೇಕು.