ಬಳ್ಳಿಗೆ ಬಲೆ ಬೇಕು, ಬೇಡಿ ಬೇಡ

ನಿಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಏನೇನಿದೆ? ಬಟ್ಟೆ ಒಣಗಿಸುವ ಸ್ಟ್ಯಾಂಡು, ಮಕ್ಕಳು ಓಡಿಸಿ ಬಿಟ್ಟ ಸೈಕಲ್ಲು, ಮೂಲೆಯಲ್ಲಿ ಪೊರಕೆ, ಒಂದೆರಡು ಮನಿಪ್ಲಾಂಟು... ನಮ್ಮ ಮನೆಯಲ್ಲೂ ಅಷ್ಟೇ ಇತ್ತು, ಅತ್ತೆ ಬರುವವರೆಗೆ.

ಮಾವ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ಅತ್ತೆಯನ್ನು ಬೆಂಗಳೂರಿಗೆ ಕರೆದುಕೊಂಡು ಬಂದೆವು. ಹಾಸನದ ಕಡೆಯ ಹಳ್ಳಿ. ಹಿತ್ತಿಲಲ್ಲಿ ಹೀರೆ, ಅವರೆ, ಪಡವಲದ ಚಪ್ಪರ ಹಾಕಿ, ಬೆಳಿಗ್ಗೆ ಎದ್ದರೆ ಅದರ ಕೆಳಗೇ ಓಡಾಡಿಕೊಂಡಿದ್ದ ಜೀವ. ಇಲ್ಲಿ ನೋಡಿದರೆ ಮೂರನೇ ಮಹಡಿ, 4 ಅಡಿ ಅಗಲದ ಬಾಲ್ಕನಿ. ಐದು ಗಂಟೆಗೇ ಎದ್ದು ಸೋಫಾದ ತುದಿಯಲ್ಲಿ ಕೂತಿರುತ್ತಿದ್ದರು. “ಏನ್ ಮಾಡ್ಲಮ್ಮ, ಕೈ ಸುಮ್ನಿರಲ್ಲ” ಅನ್ನುತ್ತಿದ್ದರು. ಒಂದು ದಿನ ಟ್ರಂಕಿನಿಂದ ಬಟ್ಟೆಯ ಗಂಟೊಂದನ್ನು ತೆಗೆದರು. ಅದರಲ್ಲಿ ಹಿತ್ತಿಲಿನ ಹೀರೇಕಾಯಿ ಬೀಜ!

ಪೇಂಟಿನ ಹಳೇ ಬಕೆಟ್‌ಗೆ ಮಣ್ಣು ತುಂಬಿ ಎರಡು ಬೀಜ ಹಾಕಿದೆವು. ಪಾರಿವಾಳ ಬರಬಾರದೆಂದು ಬಾಲ್ಕನಿಗೆ ಬಲೆ ಹಾಕಿಸಿದ್ದೆವಲ್ಲ, ಅದಕ್ಕೇ ಬಳ್ಳಿ ಹಬ್ಬಿಸಿಬಿಟ್ಟೆ. ಖರ್ಚಿಲ್ಲದ ಚಪ್ಪರ ಅಂತ ಬೀಗಿದ್ದೂ ಆಯಿತು. ತಪ್ಪು ಮಾಡಿದ್ದು ಅಲ್ಲೇ.

2024ರ ಮೇ ತಿಂಗಳು. ಸಂಜೆ ಮಳೆಗೆ ಮುಂಚೆ ಬೀಸಿತು ನೋಡಿ ಗಾಳಿ! ಎಲೆ ತುಂಬಿದ ಬಲೆ ದೋಣಿಯ ಹಾಯಿಯ ಹಾಗೆ ಉಬ್ಬಿತು. ಕೊಕ್ಕೆಗಳು ಒಂದೊಂದಾಗಿ ಕಿತ್ತು ಬಂದವು. ಕಟ್ಟೆಯ ಮೇಲಿಟ್ಟಿದ್ದ ತುಳಸಿಯ ಕುಂಡಕ್ಕೆ ಬಲೆ ತಗುಲಿ ಅದು ಕೆಳಗೆ ಬಿತ್ತು. ಹತ್ತು ನಿಮಿಷದ ಹಿಂದೆ ಮಕ್ಕಳು ಆಡುತ್ತಿದ್ದ ಜಾಗ ಅದು. ಯಾರಿಗೂ ಏನೂ ಆಗಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಲಿಫ್ಟಿನ ಪಕ್ಕ ಅಸೋಸಿಯೇಷನ್‌ನ ನೋಟಿಸು: ‘ಬಾಲ್ಕನಿಯಲ್ಲಿ ಬಳ್ಳಿ, ಕುಂಡ ಯಾವುದನ್ನೂ ಇಡುವಂತಿಲ್ಲ.’ ಅತ್ತೆ ಏನೂ ಮಾತಾಡಲಿಲ್ಲ. ಉಳಿದಿದ್ದ ನಾಲ್ಕು ಎಳೆ ಹೀರೇಕಾಯಿ ಕಿತ್ತು ಅಡುಗೆಮನೆಯಲ್ಲಿಟ್ಟು, ಮತ್ತೆ ಸೋಫಾದ ತುದಿಯಲ್ಲಿ ಹೋಗಿ ಕೂತರು.

ತಪ್ಪು ಬಳ್ಳಿಯದಲ್ಲ

ಈಗ ನೀವೇ ಹೇಳಿ, ತಪ್ಪು ಯಾರದು? ನನ್ನದೇ. ಪಾರಿವಾಳ ತಡೆಯುವ ಬಲೆ ಹಕ್ಕಿ ತಡೆಯುವುದಕ್ಕೆ ಮಾತ್ರ. ಬಳ್ಳಿಯ ಭಾರ, ಮೇಲೆ ಗಾಳಿಯ ಒತ್ತಡ ಹೊರುವುದಕ್ಕಲ್ಲ. ಅದರ ಕಣ್ಣೂ ಚಿಕ್ಕದು. ಹೂವಿನಷ್ಟಿದ್ದಾಗ ಒಳಗೆ ತೂರಿದ ಕಾಯಿ ದಪ್ಪಗಾದ ಮೇಲೆ ಹೊರಗೆ ಬರುವುದಿಲ್ಲ. ನಮ್ಮ ಕೈಯಂತೂ ತೂರುವುದೇ ಇಲ್ಲ.

ಹಾಗಂತ ಬಳ್ಳಿಯನ್ನೇ ಬೇಡ ಅನ್ನುವುದು, ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ. ಗಿಡಕ್ಕೆ ಬೇರೆಯದೇ ಬಲೆ ಸಿಗುತ್ತದೆ. ನರ್ಸರಿಯಲ್ಲಿ ‘ಕ್ರೀಪರ್ ನೆಟ್’ ಎಂದು ಕೇಳಿ. ಕಣ್ಣು 5-6 ಇಂಚು ಅಗಲ ಇರಲಿ, ಕೈ ಸಲೀಸಾಗಿ ಆಚೆ ಹೋಗಿ ಬರಬೇಕು. ಇದನ್ನು ಪಾರಿವಾಳದ ಬಲೆಗೆ ಕಟ್ಟಬೇಡಿ. ಕಬ್ಬಿಣದ ಪೈಪಿನದೋ ಬಿದಿರಿನದೋ ಚೌಕಟ್ಟು ಮಾಡಿ, ಬಾಲ್ಕನಿಯ ಒಳಗೆ, ಗೋಡೆಗೆ ಗಟ್ಟಿಯಾಗಿ ಬಿಗಿಸಿ, ಅದಕ್ಕೆ ಎಳೆದು ಕಟ್ಟಿ. ಜೋಲು ಬಿದ್ದ ಬಲೆಯಲ್ಲಿ ಬಳ್ಳಿ ಗಾಳಿಗೆ ತೊನೆದು ಕಾಂಡ ಉಜ್ಜಿ ಹೋಗುತ್ತದೆ.

ಬಲೆಯನ್ನು ಅಡ್ಡ ಕಟ್ಟಬೇಕೋ ಉದ್ದ ಕಟ್ಟಬೇಕೋ? ಇದಕ್ಕೆ ಉತ್ತರ ಸಿಕ್ಕಿದ್ದು ಟೊರಾಂಟೊದಲ್ಲಿರುವ ನಾದಿನಿಯಿಂದ. ಅಲ್ಲಿ ಚಳಿಗಾಲದಲ್ಲಿ ಹೊರಗೆ ಏನೂ ಬೆಳೆಯದು. ಹಾಗಾಗಿ ಮನೆಯೊಳಗೇ ಬೀರುವಿನಂಥ ಒಂದು ಟೆಂಟು ಇಟ್ಟಿದ್ದಾಳೆ. ಒಳಗೆಲ್ಲ ಬೆಳ್ಳಿ ಬಣ್ಣದ ಹೊದಿಕೆ, ಮೇಲೆ ಎಲ್‌ಇಡಿ ದೀಪ, ಒಂದು ಪುಟ್ಟ ಫ್ಯಾನು. ಅದರಲ್ಲಿ ಮೆಣಸಿನಗಿಡ. ಕುಂಡದ ಮೇಲೆ ಹಗ್ಗದ ಮಂಚದ ಹಾಗೆ ಬಲೆ ಅಡ್ಡ ಬಿಗಿದಿದ್ದಾಳೆ. ಬಲೆ ದಾಟಿ ಮೇಲೆದ್ದ ಕೊಂಬೆಯನ್ನು ಮೆಲ್ಲಗೆ ಬಗ್ಗಿಸಿ ಪಕ್ಕದ ಕಣ್ಣಿಗೆ ಸಿಕ್ಕಿಸುತ್ತಾಳೆ. ದೀಪ ಮೇಲಿದೆಯಲ್ಲ, ಒಂದೇ ಕೊಂಬೆ ಎತ್ತರಕ್ಕೆ ಹೋದರೆ ಉಳಿದವು ನೆರಳಿಗೆ ಬೀಳುತ್ತವೆ. ಎಲ್ಲವೂ ಒಂದೇ ಮಟ್ಟದಲ್ಲಿದ್ದರೆ ಎಲ್ಲಕ್ಕೂ ಬೆಳಕು.

ನಮ್ಮ ಬಾಲ್ಕನಿಗೆ ಬೆಳಕು ಬರುವುದು ಪಕ್ಕದಿಂದ. ಆದ್ದರಿಂದ ಬಲೆಯೂ ಗೋಡೆಯಂತೆ ನೇರ ನಿಲ್ಲಬೇಕು. ಬೆಳಕು ಎಲ್ಲಿಂದ ಬರುತ್ತದೋ ಬಲೆಯ ಮುಖ ಆ ಕಡೆಗೆ, ಇಷ್ಟೇ ಲೆಕ್ಕ. ದಿನಕ್ಕೆ 5-6 ಗಂಟೆ ಬಿಸಿಲಿದ್ದರೆ ಹೀರೆ, ಹಾಗಲ, ಅಲಸಂದೆ ಹಾಕಿ. ಅಷ್ಟು ಬಿಸಿಲಿಲ್ಲವೇ? ಬೇಜಾರು ಬೇಡ, ಬಸಳೆ ಹಬ್ಬಿಸಿ.

ಬಗ್ಗಿಸುವುದಕ್ಕೂ ಹೊತ್ತಿದೆ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಹೆಣ್ಣುಮಕ್ಕಳಾದ ನಾವು ಕೇಳಿದಷ್ಟು ಬೇರೆ ಯಾರೂ ಕೇಳಿರಲಿಕ್ಕಿಲ್ಲ! ಬಳ್ಳಿ ವಿಷಯದಲ್ಲಿ ಇದು ಅರ್ಧ ಮಾತ್ರ ನಿಜ. ಎಳೆಯದಿದ್ದಾಗಲೇ ದಾರಿ ತೋರಿಸಬೇಕು, ಹೌದು. ಆದರೆ ಬೆಳಿಗ್ಗೆ ಎದ್ದ ಕೂಡಲೇ ಬಗ್ಗಿಸಲು ಹೋದರೆ ‘ಚಟ್’ ಅಂತ ಮುರಿಯುತ್ತದೆ. ಆಗ ಕಾಂಡದಲ್ಲಿ ನೀರು ತುಂಬಿ ಸೆಟೆದುಕೊಂಡಿರುತ್ತದೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಬನ್ನಿ. ಬಿಸಿಲಿಗೆ ಸ್ವಲ್ಪ ಬಾಡಿ ಮೆತ್ತಗಾಗಿರುತ್ತದೆ, ಹೇಳಿದ ಹಾಗೆ ಕೇಳುತ್ತದೆ.

ಹಬ್ಬುವ ಕೆಲಸ ಅದರದೇ. ಹೀರೆ, ಹಾಗಲಕ್ಕೆ ಸ್ಪ್ರಿಂಗಿನಂಥ ಎಳೆಗಳಿರುತ್ತವೆ. ದಾರ ಸೋಕಿದರೆ ಸಾಕು, ತಾವೇ ಸುತ್ತಿಕೊಳ್ಳುತ್ತವೆ. ಅಲಸಂದೆಗೆ ಆ ಎಳೆ ಇಲ್ಲ, ಕಾಂಡವೇ ಸುತ್ತುತ್ತದೆ. ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಕಾಯಿಲೆಯಿಂದ ಮನೆಯಲ್ಲೇ ಇದ್ದಾಗ ಸೌತೆ ಜಾತಿಯ ಬಳ್ಳಿಯೊಂದನ್ನು ಕೋಣೆಯಲ್ಲಿಟ್ಟುಕೊಂಡು ಇದನ್ನೇ ನೋಡುತ್ತಿದ್ದರಂತೆ. 1865ರಲ್ಲಿ ಹಬ್ಬುವ ಬಳ್ಳಿಗಳ ಮೇಲೆ ದೊಡ್ಡ ಪ್ರಬಂಧವನ್ನೇ ಬರೆದರು. ಮನೆಯೊಳಗಿದ್ದವರಿಗೆ ಕಾಣುವುದು ಕಡಿಮೆಯೇನಲ್ಲ, ನೋಡಿ!

ಇನ್ನು ತುದಿ ಚಿವುಟುವುದು. ನಾನು ಬೇಡವೆಂದರೂ ಅತ್ತೆ ಚಿವುಟಿದರು. ಬಳ್ಳಿಯ ತುದಿಯಲ್ಲಿ ತಯಾರಾಗುವ ಬೆಳವಣಿಗೆಯ ರಸ ಕೆಳಗಿನ ಮೊಗ್ಗುಗಳನ್ನು ಮಲಗಿಸಿಟ್ಟಿರುತ್ತದೆ. ತುದಿ ಹೋದರೆ ಅವು ಏಳುತ್ತವೆ. ಹೀರೆ, ಹಾಗಲದಲ್ಲಿ ಕಾಯಿಯಾಗುವ ಹೆಣ್ಣುಹೂ ಹೆಚ್ಚಾಗಿ ಬರುವುದು ಪಕ್ಕದ ಕವಲುಗಳಲ್ಲೇ. ಮೊದಮೊದಲು ಬರೀ ಗಂಡುಹೂ ಬಂದರೆ ಗಾಬರಿ ಬೇಡ, ಅದು ಸಹಜ. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣುಹೂ. ಮೇಲಿನ ಮಹಡಿಗೆ ದುಂಬಿ ಬಾರದಿದ್ದರೆ ಗಂಡುಹೂ ಕಿತ್ತು ಅದರ ಪರಾಗವನ್ನು ನೀವೇ ಹೆಣ್ಣುಹೂವಿಗೆ ಮುಟ್ಟಿಸಿ. ಹಾಗಲ ಅರಳುವುದು ಬೆಳಿಗ್ಗೆ, ಹೀರೆ ಅರಳುವುದು ಸಂಜೆ. ಸೀರಿಯಲ್ ಶುರುವಾಗುವುದಕ್ಕೆ ಮುಂಚೆ ಒಂದು ಸುತ್ತು ಹಾಕಿದರೆ ಆಯಿತು.

ಸಭೆಗೆ ನೀವೇ ಹೋಗಿ

ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು ಇದು. ಬಾಲ್ಕನಿ ನೋಡಿಕೊಳ್ಳುವವರು ನಾವು. ಅದಕ್ಕೆ ನಿಯಮ ಮಾಡುವ ಸಭೆಗೆ ಹೋಗುವವರು ಮಾತ್ರ ಮನೆಯವರು! “ನಿಮ್ಮ ಪಾಡಿಗೆ ನೀವು ಹೋಗಿ ಬನ್ನಿ” ಎಂದು ಅದುವರೆಗೆ ನಾನೂ ಹೇಳುತ್ತಿದ್ದೆ. ಆ ತಿಂಗಳ ಸಭೆಗೆ ಅತ್ತೆಯನ್ನು ಕರೆದುಕೊಂಡು ನಾನೇ ಹೋದೆ. ಮೊದಲು ಕ್ಷಮೆ ಕೇಳಿದೆ. ಆಮೇಲೆ ಹೇಳಿದೆ: ಕಟ್ಟೆಯ ಮೇಲೆ ಏನೂ ಇಡುವುದಿಲ್ಲ, ಪಾರಿವಾಳದ ಬಲೆಗೆ ಏನೂ ಕಟ್ಟುವುದಿಲ್ಲ, ಕೆಳಗಿನ ಮನೆಗೆ ನೀರು ಸೋರದ ಹಾಗೆ ತಟ್ಟೆ ಇಡುತ್ತೇನೆ, ಚೌಕಟ್ಟನ್ನು ಯಾರು ಬೇಕಾದರೂ ಬಂದು ನೋಡಬಹುದು. ಕೆಲವರು ಗೊಣಗಿದರು. ಕೆಳಗಿನ ಮನೆಯ ತಾಯಿಯೊಬ್ಬರು ನೇರವಾಗಿಯೇ ಕೇಳಿದರು, “ನನ್ನ ಮಗು ಅಲ್ಲಿ ಇದ್ದಿದ್ರೆ?” ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅವರ ಭಯ ನ್ಯಾಯವಾದದ್ದೇ. ಕೊನೆಗೆ ಈ ಷರತ್ತುಗಳ ಮೇಲೆ ನೋಟಿಸು ಬದಲಾಯಿತು. ಕುಂಡ ನೆಲದ ಮೇಲಿರಬೇಕೆಂಬುದನ್ನು ಸೇರಿಸಿದ್ದು ಅವರೇ.

ನನ್ನ ಅಭಿಪ್ರಾಯ ಇಷ್ಟೇ. ಅಪಾಯ ಇರುವುದು ಕಟ್ಟುವ ರೀತಿಯಲ್ಲಿ. ನಿಯಮ ಅದಕ್ಕಿರಲಿ, ಹಸಿರಿಗೆ ಬೇಡ. ನಾವೂ ‘ನಮ್ಮ ಬಾಲ್ಕನಿ, ನಮ್ಮಿಷ್ಟ’ ಅನ್ನುವುದು ಬಿಡೋಣ.

ಇಷ್ಟು ನೆನಪಿರಲಿ

* ಒದ್ದೆ ಮಣ್ಣು ತುಂಬಿದ 20 ಲೀಟರ್ ಬಕೆಟ್ 20 ಕಿಲೋಗೂ ಹೆಚ್ಚು ತೂಗುತ್ತದೆ. ಜಾಗ ನೆಲವೇ, ಕಟ್ಟೆಯಲ್ಲ.

* ಬಳ್ಳಿ ಕಟ್ಟಲು ತಂತಿ ಬೇಡ. ಹಳೇ ಕಾಟನ್ ಸೀರೆಯ ಪಟ್ಟಿ ಹರಿದು, ಕಾಂಡ ದಪ್ಪವಾಗಲು ಜಾಗ ಬಿಟ್ಟು ಸಡಿಲವಾಗಿ ಕಟ್ಟಿ.

* ಒಂದು ಬಕೆಟ್‌ಗೆ ಒಂದೇ ಹೀರೆ ಬಳ್ಳಿ ಸಾಕು. ಆಸೆಗೆ ಎರಡು ಬಿಟ್ಟರೆ ಎರಡೂ ಸೊರಗುತ್ತವೆ.

* ಮಳೆಗಾಲಕ್ಕೆ ಮುಂಚೆ ಗಂಟು, ಕೊಕ್ಕೆ ಎಲ್ಲ ಎಳೆದು ನೋಡಿ. ದಟ್ಟವಾದ ಎಲೆ ಕತ್ತರಿಸಿದರೆ ಗಾಳಿ ಹಾದು ಹೋಗುತ್ತದೆ.

* ಫಸಲು ಮುಗಿದ ಬಲೆಯನ್ನು ಎಲ್ಲೆಂದರಲ್ಲಿ ಬಿಸಾಡಬೇಡಿ. ಹಕ್ಕಿ, ಓತಿಕ್ಯಾತಗಳು ಸಿಕ್ಕಿಕೊಳ್ಳುತ್ತವೆ. ತೊಳೆದು ಮಡಚಿಟ್ಟರೆ ಮುಂದಿನ ಸಲಕ್ಕೂ ಬರುತ್ತದೆ.

ಈಗ ಅತ್ತೆ ಐದು ಗಂಟೆಗೆ ಎದ್ದರೆ ಸೋಫಾದಲ್ಲಿ ಕೂರುವುದಿಲ್ಲ. ಮೊನ್ನೆ ಸಿಕ್ಕಿದ್ದು ಮೂರೇ ಹೀರೇಕಾಯಿ. ತಿರುಳಿನಲ್ಲಿ ಬಜ್ಜಿ, ಸಿಪ್ಪೆಯಲ್ಲಿ ಚಟ್ನಿ. ಒಂದು ಬಟ್ಟಲು ಕೆಳಗಿನ ಮನೆಯ ಆ ತಾಯಿಗೂ ಹೋಯಿತು. ಬಟ್ಟಲು ವಾಪಸು ಕೊಡಲು ಬಂದವರು ಬಾಲ್ಕನಿಗೂ ಬಂದು, ಚೌಕಟ್ಟನ್ನು ಒಮ್ಮೆ ಅಲ್ಲಾಡಿಸಿ ನೋಡಿಯೇ ಹೋದರು. ನೋಡಲಿ ಬಿಡಿ, ಒಳ್ಳೆಯದೇ!