ಲಾರಿಯ ಬೀಸಣಿಗೆ ನಿಂತರೆ

ಬನಶಂಕರಿ, ಜೆ.ಪಿ. ನಗರಗಳ ಕಡೆ ಹಳೆಯದೊಂದು ಲಾರಿಯನ್ನೇ ನಂಬಿ ಬಾಳುವ ಸಂಸಾರಗಳು ಇಂದಿಗೂ ಉಂಟು. ಅಂಥ ಲಾರಿಗಳಲ್ಲಿ ಕೆಲವಕ್ಕೆ ಹೀಟರಿನ ಬ್ಲೋವರ್ ಎಂಬ ಸಣ್ಣ ಬೀಸಣಿಗೆಯೊಂದಿರುತ್ತದೆ. ಎಂಜಿನ್ನಿನಿಂದ ಬರುವ ಬಿಸಿನೀರಿನ ಕೊಳವೆಗಳ ಮೇಲೆ ಗಾಳಿಯನ್ನು ಹಾಯಿಸಿ, ಚಾಲಕನ ಮುಂದಿನ ಗಾಜಿಗೆ ಅದನ್ನು ಒತ್ತುವುದೇ ಇದರ ಕಾರ್ಯ.

ಬೆಂಗಳೂರಿನಲ್ಲಿ ಇದರ ಅವಶ್ಯಕತೆಯೇನೆಂದು ವಾಚಕರು ಕೇಳಬಹುದು. ಮೈ ಬೆಚ್ಚಗಿಡುವುದಕ್ಕೆ ಇಲ್ಲಿ ಅದು ಬೇಡ. ಆದರೆ ಮಳೆಗಾಲದ ಮುಂಜಾನೆ ಕಿಟಕಿಗಳನ್ನು ಮುಚ್ಚಿಕೊಂಡು ಮೂವರು ಕುಳಿತರೆ, ಅವರ ಉಸಿರಿನ ತೇವವು ತಣ್ಣನೆಯ ಗಾಜಿನ ಮೇಲೆ ಮಂಜಾಗಿ ನಿಲ್ಲುತ್ತದೆ. ಸುಮಾರು 2,240 ಮೀಟರು ಎತ್ತರದಲ್ಲಿರುವ ಉದಕಮಂಡಲಕ್ಕೆ ಬಾಡಿಗೆ ಹೊರಟವನ ಪಾಡನ್ನಂತೂ ಹೇಳಬೇಕಾದುದಿಲ್ಲ. ಘಟ್ಟದ ತಿರುವಿನಲ್ಲಿ ಗಾಜು ಮಸುಕಾದರೆ ಪ್ರಾಣಕ್ಕೇ ಸಂಚಕಾರ.

ಆಡುಮಾತಿನಲ್ಲಿ ನಿದಾನವೆಂದರೆ ಅವಸರವಿಲ್ಲದಿರುವುದು. ಆಯುರ್ವೇದದಲ್ಲಿ ನಿದಾನವೆಂದರೆ ರೋಗದ ಮೂಲಕಾರಣ. ಕೆಟ್ಟ ಯಂತ್ರದ ಮುಂದೆ ಕುಳಿತವನಿಗೆ ಎರಡೂ ಬೇಕು. ಬೀಸಣಿಗೆ ನಿಂತಿತೆಂದೊಡನೆ ಮೋಟಾರನ್ನೇ ಬದಲಾಯಿಸುವುದು, ತಲೆನೋವೆಂದವನ ತಲೆಗೆ ಶಸ್ತ್ರಚಿಕಿತ್ಸೆ ಮಾಡಿದಂತೆ.

ಮೊದಲು ವಿಚಾರಿಸತಕ್ಕದ್ದು, ಅದು ಯಾವ ಪ್ರಕಾರ ಕೆಟ್ಟಿತೆಂಬುದು. ತರ್ಕಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕವೆಂಬ ಪರೀಕ್ಷೆಯುಂಟು: ಇದು ಇರುವಾಗ ಅದುಂಟು, ಇದು ಇಲ್ಲದಾಗ ಅದಿಲ್ಲ ಎಂಬುದನ್ನು ನೋಡಿ ಕಾರಣವನ್ನು ಗೊತ್ತುಮಾಡುವುದು. ಬೀಸಣಿಗೆಯು ಅತಿವೇಗದಲ್ಲಿ ಮಾತ್ರ ತಿರುಗಿ ಕಡಮೆ ವೇಗಗಳಲ್ಲಿ ತಿರುಗದಿದ್ದರೆ, ಮೋಟಾರೂ ಫ್ಯೂಸೂ ನಿರ್ದೋಷಿಗಳೆಂದು ತಿಳಿಯಬೇಕು. ಆಗ ಉಳಿಯುವುದು ಬಹುಮಟ್ಟಿಗೆ ರೆಸಿಸ್ಟರು. ಹಳೆಯ ಮನೆಗಳಲ್ಲಿ ಫ್ಯಾನಿಗೆ ದೊಡ್ಡ ಪೆಟ್ಟಿಗೆಯ ರೆಗ್ಯುಲೇಟರು ಇರುತ್ತಿತ್ತಷ್ಟೆ. ಇದೂ ಅದೇ ಜಾತಿಯದು. ವಿದ್ಯುತ್ತಿನ ಒಂದಂಶವನ್ನು ಶಾಖವಾಗಿ ಕಳೆದು ವೇಗವನ್ನು ತಗ್ಗಿಸುತ್ತದೆ. ಅತಿವೇಗದಲ್ಲಿ ವಿದ್ಯುತ್ತು ಇದರ ಮೂಲಕ ಹಾಯುವುದಿಲ್ಲ.

ಯಾವ ವೇಗದಲ್ಲಿಯೂ ತಿರುಗದಿದ್ದರೆ ಮೊದಲು ಫ್ಯೂಸನ್ನು ನೋಡುವುದು. ಅದು ಸರಿಯಾಗಿದ್ದರೆ ಸ್ವಿಚ್ಚು ಹಾಕಿ, ಮೋಟಾರಿನ ಎರಡು ತಂತಿಗಳಿಗೂ ಪರೀಕ್ಷೆಯ ದೀಪವನ್ನು ಹಿಡಿಯಬೇಕು. ದೊಡ್ಡ ಲಾರಿಗೆ ಸಾಮಾನ್ಯವಾಗಿ 24 ವೋಲ್ಟು, ಸಣ್ಣ ಗಾಡಿಗೆ 12. ದೀಪವೂ ಅದಕ್ಕೆ ತಕ್ಕದ್ದಾಗಿರಲಿ. ದೀಪ ಉರಿದೂ ಬೀಸಣಿಗೆ ತಿರುಗದಿದ್ದರೆ ದೋಷವು ಮೋಟಾರಿನದು. ದೀಪದ ಒಂದು ತುದಿಯನ್ನು ಲಾರಿಯ ಬರಿಯ ಲೋಹಕ್ಕೆ ತಾಕಿಸಿದಾಗ ಮಾತ್ರ ಉರಿದರೆ, ವಿದ್ಯುತ್ತು ಮರಳುವ ದಾರಿಯಲ್ಲಿ ದೋಷವುಂಟು. ತುಕ್ಕು ಹಿಡಿದ ಅರ್ತಿನ ತಂತಿಯನ್ನು ಅಲ್ಲಿ ಹುಡುಕಬೇಕು. ಎಲ್ಲಿಯೂ ಉರಿಯದಿದ್ದರೆ ಫ್ಯೂಸಿನಿಂದ ಮೋಟಾರಿನವರೆಗಿನ ದಾರಿಯನ್ನು ಶೋಧಿಸತಕ್ಕದ್ದು.

ಇಷ್ಟಕ್ಕೇ ನಿದಾನವು ಮುಗಿಯಲಿಲ್ಲ. ಸುಟ್ಟುಹೋದ ವಸ್ತುವು ಅನೇಕ ವೇಳೆ ಅಪರಾಧಿಯಲ್ಲ, ಅಪರಾಧಕ್ಕೆ ಈಡಾದದ್ದು. ಜಯನಗರದ ಸಾಲುಮರಗಳ ಕೆಳಗೆ ರಾತ್ರಿ ನಿಂತ ಗಾಡಿಯೊಳಕ್ಕೆ, ಗಾಜಿನ ಬುಡದ ಜಾಲರಿಯ ಮೂಲಕ ಮಳೆಮರದ ಸಣ್ಣ ಎಲೆಗಳು ಇಳಿಯುತ್ತವೆ. ಎಲೆ, ಧೂಳು ಸಿಕ್ಕಿ ಬೀಸಣಿಗೆ ಬಿಗಿಯಾಗುತ್ತದೆ. ತಿಣುಕುವ ಮೋಟಾರು ಸಲೀಸಾಗಿ ತಿರುಗುವ ಮೋಟಾರಿಗಿಂತ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ರೆಸಿಸ್ಟರನ್ನು ತಂಪಾಗಿಡತಕ್ಕ ಗಾಳಿಯೋ ಕಡಮೆಯಾಗಿರುತ್ತದೆ; ಅದು ಸುಡದೆ ಏನು ಮಾಡೀತು? ಕಸವನ್ನು ತೆಗೆಯದೆ ಹೊಸ ರೆಸಿಸ್ಟರನ್ನು ಹಾಕಿದರೆ ಕೆಲವು ದಿನಗಳಲ್ಲಿ ಅದಕ್ಕೂ ಅದೇ ಗತಿ. ಆದ್ದರಿಂದ ಬ್ಯಾಟರಿಯ ತಂತಿಯನ್ನು ಬಿಚ್ಚಿ, ಬೀಸಣಿಗೆಯನ್ನು ಕೈಯಿಂದ ತಿರುಗಿಸಿ ನೋಡಬೇಕು. ಕಸವಿಲ್ಲದೆಯೂ ಬಿಗಿಯಾಗಿದ್ದರೆ, ಕಿರುಗುಟ್ಟಿದರೆ, ಅದರ ಬುಷ್ಷು ಸವೆದಿದೆಯೆಂದು ಊಹಿಸಬಹುದು.

ಒಂದು ಕೆಲಸವನ್ನು ಮಾತ್ರ ಎಂದಿಗೂ ಮಾಡಕೂಡದು. ಫ್ಯೂಸು ಪದೇ ಪದೇ ಹೋಗುತ್ತದೆಂದು ಕೆಲವರು ಅಲ್ಲಿ ತಾಮ್ರದ ತಂತಿಯನ್ನು ಸುತ್ತಿಬಿಡುತ್ತಾರೆ. ಇದು, ಕಳ್ಳ ಬಂದನೆಂದು ಕೂಗಿದ ಕಾವಲುಗಾರನನ್ನೇ ಕೆಲಸದಿಂದ ತೆಗೆದಂತೆ. 15 ಆಂಪಿಯರಿಗೆ ಹೋಗಬೇಕಾದ ಫ್ಯೂಸಿನ ಸ್ಥಳದಲ್ಲಿ 30 ಹಾಯ್ದರೆ ತಂತಿಯಲ್ಲಿ ಹುಟ್ಟುವ ಶಾಖವು ಎರಡು ಪಾಲಲ್ಲ, ನಾಲ್ಕು ಪಾಲು. ಆಗ ಫ್ಯೂಸಿಗೆ ಬದಲಾಗಿ ಚಾಲಕನ ಮೊಣಕಾಲಿನ ಮುಂದಿರುವ ತಂತಿಗಳೇ ಹೊತ್ತಿಕೊಳ್ಳುತ್ತವೆ.

ಬಿಡಿಭಾಗವನ್ನು ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೊಳ್ಳುವವರು ಹಳೆಯದನ್ನು ಕೈಯಲ್ಲಿಯೇ ಒಯ್ದು ಅಳತೆಯನ್ನೂ ವೋಲ್ಟನ್ನೂ ತಾಳೆನೋಡುವುದು ಲೇಸು. ಅದು ದೊರೆಯುವವರೆಗೆ ಎರಡು ಪಕ್ಕದ ಕಿಟಕಿಗಳನ್ನೂ ಬೆರಳಗಲ ತೆರೆದಿಟ್ಟರೆ ಗಾಜಿನ ಮಂಜು ಕಡಮೆಯಾಗುತ್ತದೆ. ಘಟ್ಟದ ಪ್ರಯಾಣವನ್ನಾದರೋ ನಿಲ್ಲಿಸತಕ್ಕದ್ದು. ಒಂದು ದಿನದ ಬಾಡಿಗೆ ತಪ್ಪಿದರೆ ಮರುದಿನ ದುಡಿಯಬಹುದು. ಮನೆಯ ಹೆಣ್ಣುಮಕ್ಕಳು ಇಷ್ಟನ್ನು ತಿಳಿದಿದ್ದು, ಮಳೆಯ ಮುಂಜಾನೆ ಗಾಡಿ ಹೊರಡುವ ಮುನ್ನ "ಬ್ಲೋವರ್ ನೋಡಿದಿರಾ?" ಎಂದು ಒಂದು ಮಾತು ಕೇಳಿದರೂ ದೊಡ್ಡ ಉಪಕಾರವಾದೀತು.